ಅಜ್ಜಿಯ ಫೋನು

"ಗುರುಗಳೇ, ಹೆಮ್ಮೆ ಬಿಡು ಎಂದು ಎಲ್ಲರೂ ಹೇಳುತ್ತಾರೆ. ಕಷ್ಟಪಟ್ಟು ಕಲಿತ ವಿದ್ಯೆಯ ಮೇಲೆ ಹೆಮ್ಮೆ ಇದ್ದರೆ ತಪ್ಪೇನು?"

ಕೇಳಿದವನು ಅಡಿವೆಪ್ಪ, ಮಠದಲ್ಲಿ ಒಂಬತ್ತು ವರ್ಷದಿಂದ ಓದುತ್ತಿದ್ದ ಶಿಷ್ಯ. ಹಿಂದಿನ ದಿನ ಪಕ್ಕದ ಊರಿನ ಸಭೆಯಲ್ಲಿ ವಾದಕ್ಕೆ ನಿಂತು ಮೂವರು ಪಂಡಿತರ ಬಾಯಿ ಮುಚ್ಚಿಸಿ ಬಂದಿದ್ದ. ಯಾರೋ ಅದನ್ನು ಫೋನಿನಲ್ಲಿ ಹಿಡಿದು ಊರೂರಿಗೆ ಕಳಿಸಿದ್ದರು. ಬೆಳಗಿನಿಂದ ಅಡಿವೆಪ್ಪ ಅದನ್ನು ನಾಲ್ಕು ಸಲ ನೋಡಿದ್ದ. ಐದನೆಯ ಸಲ ಗುರುಗಳಿಗೂ ತೋರಿಸಿದ್ದ. ಗುರುಗಳು ಪೂರ್ತಿ ನೋಡಿ, "ಚೆನ್ನಾಗಿ ಮಾತಾಡಿದ್ದೀಯ" ಎಂದಿದ್ದರು. ಅಷ್ಟು ಮೆಚ್ಚುಗೆ ಅವನಿಗೆ ಸಾಲದಾಗಿತ್ತು.

"ಇಷ್ಟು ವರ್ಷದಲ್ಲಿ ನಾನು ಯಾರ ಎದುರಿಗೂ ಸೋತಿಲ್ಲ, ಗುರುಗಳೇ" ಎಂದು ಅವನು ಮತ್ತೆ ಹೇಳಿದ.

"ಆ ಫೋನು ಕೆಳಗಿಡು" ಎಂದರು ಗುರುಗಳು. ಅವನು ಇಟ್ಟ. ಗುರುಗಳು ಕತೆ ಹೇಳಿದರು.

ಒಬ್ಬ ಹಗಲುವೇಷಗಾರನಿದ್ದ. ಹಗಲುವೇಷದವರ ಕಸುಬು ನಿನಗೆ ಗೊತ್ತಿರಬೇಕು. ಒಂದು ಊರಿಗೆ ಬಂದರೆ ಊರ ಹೊರಗೆ ಬಿಡಾರ ಹೂಡುತ್ತಾರೆ. ಆರು ದಿನ, ದಿನಕ್ಕೊಂದು ವೇಷ. ಒಂದು ದಿನ ಪೊಲೀಸಿನವನಾಗಿ ಬಂದು ಬೀದಿಯವರನ್ನೆಲ್ಲ ಗದರಿಸುತ್ತಾರೆ. ಮರುದಿನ ಸನ್ಯಾಸಿಯಾಗಿ ಬಂದು ಅದೇ ಬೀದಿಯವರಿಗೆ ವಿಭೂತಿ ಕೊಡುತ್ತಾರೆ. ಏಳನೆಯ ದಿನ ಬಣ್ಣವಿಲ್ಲದ ಬರಿ ಮುಖದಲ್ಲಿ ಮನೆ ಮನೆಗೆ ಹೋಗಿ, ಆರು ದಿನ ಬಂದವನು ನಾನೇ ಎಂದು ಕೈ ಮುಗಿದು ನಿಲ್ಲುತ್ತಾರೆ. ಊರಿನವರು ಮೂಗಿನ ಮೇಲೆ ಬೆರಳಿಟ್ಟು ಮೊರದಲ್ಲಿ ಜೋಳ ತಂದು ಸುರಿಯುತ್ತಾರೆ. ಆ ಕಸುಬಿಗೆ ಎರಡು ಕಟ್ಟಳೆ ಇವೆ. ಕಟ್ಟಿದ ವೇಷವನ್ನು ಹೊತ್ತು ಮುಳುಗುವ ಮೊದಲು ಬಿಚ್ಚಬಾರದು. ಒಂದು ಊರಿನಲ್ಲಿ ಒಂದು ವೇಷವನ್ನು ಎರಡು ಸಲ ಹಾಕಬಾರದು.

ನಮ್ಮ ವೇಷಗಾರ ಈ ಎರಡು ಕಟ್ಟಳೆಯನ್ನೂ ಇಪ್ಪತ್ತು ವರ್ಷ ಮೀರಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ಊರಿನಲ್ಲೂ ಯಾರೂ ಅವನ ಗುರುತು ಹಿಡಿದಿರಲಿಲ್ಲ. ಅದು ಅವನ ಹೆಮ್ಮೆ. ಊಟ ಕಡಿಮೆಯಾದರೂ ತಡೆದಾನು, ಆ ಮಾತಿಗೆ ಕುಂದು ಬಂದರೆ ತಡೆಯಲಾರ.

ಅವನಿಗೆ ಒಬ್ಬಳೇ ಮಗಳು, ಅಂಬಿಕಾ. ತಾಯಿ ಇಲ್ಲದ ಹುಡುಗಿ. ಆ ವರ್ಷ ಅವಳನ್ನು ದೂರದ ಒಂದು ವಸತಿ ಶಾಲೆಗೆ ಸೇರಿಸಿದ್ದ. ಏಳೆಂಟು ದಿನಕ್ಕೊಮ್ಮೆ ಬಿಡಾರ ಕೀಳುವ ಕುಲದಲ್ಲಿ ಮೂರನೆಯ ಇಯತ್ತೆ ದಾಟಿದವರು ಒಬ್ಬರೂ ಇರಲಿಲ್ಲ. ಅಂಬಿಕಾ ಆರನೆಯದರಲ್ಲಿ ಕೂತಿದ್ದಳು. ಸಿಕ್ಕಸಿಕ್ಕವರಿಗೆಲ್ಲ ಅವನು ಇದನ್ನು ಹೇಳುತ್ತಿದ್ದ. ಕೇಳದವರಿಗೂ ಹೇಳುತ್ತಿದ್ದ.

ಆ ಶಾಲೆಯಲ್ಲಿ ಭಾನುವಾರ ನಾಲ್ಕರಿಂದ ಐದರ ತನಕ ತಂದೆತಾಯಿಗಳು ವಾರ್ಡನ್ ಫೋನಿಗೆ ವಿಡಿಯೊ ಕರೆ ಮಾಡಬಹುದಿತ್ತು. ಮಿಕ್ಕ ಹುಡುಗಿಯರು ಅಪ್ಪ ಅಮ್ಮನ ಮುಖ ನೋಡಿ ಮಾತಾಡುತ್ತಿದ್ದರು. ಅಂಬಿಕಾಗೆ ದನಿ ಮಾತ್ರ ಬರುತ್ತಿತ್ತು. ವೇಷಗಾರನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ನಮ್ಮಪ್ಪನ ವೇಷವನ್ನು ಯಾರೂ ಗುರುತು ಹಿಡಿಯಲಾರರು ಎಂದು ಅವಳು ಜಂಬ ಕೊಚ್ಚಿದ್ದಳು. ಹುಡುಗಿಯರು ನಕ್ಕು, ನಿಮ್ಮಪ್ಪನಿಗೆ ಮುಖವೇ ಇಲ್ಲ ಎಂದಿದ್ದರು. ಮೂರನೆಯ ಭಾನುವಾರ ಅವಳು ಅಪ್ಪನಿಗೆ ಹೇಳಿದಳು:

"ಬರೋ ಐತವಾರ ಮುಖ ತೋರ್ಸು ಅಪ್ಪಾ. ಇಲ್ಲಂದ್ರ ನಾ ಇಲ್ಲಿ ಇರಂಗಿಲ್ಲ, ಬಿಡಾರಕ್ಕ ಬಂದುಬಿಡ್ತೀನಿ."

ಮಗಳ ಹಟ ಎಂಥದ್ದೆಂದು ಅವನಿಗೆ ಗೊತ್ತಿತ್ತು, ಅದು ಅವನದೇ ಹಟ. ಹೊಸ ಫೋನು ಕೊಳ್ಳಲೇಬೇಕು ಎಂದು ನಿಶ್ಚಯಿಸಿದ.

ಶನಿವಾರ ಬಂತು. ಅವರು ಬಿಡಾರ ಹೂಡಿದ್ದ ಊರಿನಲ್ಲಿ ಅದು ಆರನೆಯ ದಿನ, ಮುದುಕಿಯ ವೇಷದ ದಿನ. ಅವನ ಆರು ವೇಷಗಳಲ್ಲಿ ಮುದುಕಿಯದೇ ಕಷ್ಟದ್ದು. ಬೂದಿ, ಕಾಡಿಗೆ ಕಲಸಿ ಒಂದೊಂದು ಸುಕ್ಕನ್ನೂ ಬರೆಯಬೇಕು. ಬಿಳಿ ಕೂದಲು ಕಟ್ಟಬೇಕು. ಬೆನ್ನು ಬಗ್ಗಿಸಿ ದಿನವಿಡೀ ನಡೆಯಬೇಕು. ಹಾಗೆ ನಡೆದು ಬೀದಿ ಸುತ್ತಿ, ಮಧ್ಯಾಹ್ನ ಫೋನಿನ ಅಂಗಡಿಗೆ ಹೊಕ್ಕ. ವೇಷ ಬಿಚ್ಚುವ ಹಾಗಿಲ್ಲ, ಆದ್ದರಿಂದ ಮುದುಕಿಯಾಗಿಯೇ ಹೊಕ್ಕ.

ಅಂಗಡಿಯವ ಒಳ್ಳೆಯ ಮನುಷ್ಯ. ಮುದುಕಿಗೆ ಕುರ್ಚಿ ಹಾಕಿದ, ಚಹಾ ತರಿಸಿದ. ಹತ್ತು ಫೋನು ತೋರಿಸಿದ. ಆರಿಸಿದ ಮೇಲೆ ಹಳೆಯ ಸಿಮ್ ತೆಗೆದು ಹೊಸದಕ್ಕೆ ಹಾಕಿ, ವಾರ್ಡನ್ ನಂಬರು ಸೇರಿಸಿ, ಮುಖ ಕಾಣುವಂತೆ ಮಾತಾಡುವುದು ಹೇಗೆಂದು ಮೂರು ಸಲ ಹೇಳಿಕೊಟ್ಟ. ಕೊನೆಗೆ ಫೋನನ್ನು ಮುದುಕಿಯ ಮುಖದ ಮುಂದೆ ಹಿಡಿದು ಬೀಗ ಕೂಡಿಸಿದ. ಇನ್ನು ಮೇಲೆ ಫೋನು ಈ ಮುಖ ಕಂಡರೆ ಮಾತ್ರ ತೆರೆಯುತ್ತದೆ ಎಂದ.

"ಒಮ್ಮೊಮ್ಮಿ ಮುಖ ಹತ್ತಂಗಿಲ್ಲ ಅಜ್ಜೀ. ಅದಕ್ಕ ನಾಕು ಅಂಕಿ ಇಡಬೇಕು. ಹುಟ್ಟಿದ್ ವರ್ಷ ಒತ್ರಿ, ನೆಪ್ಪಿರ್ತದ" ಎಂದು ಹೇಳಿ ಮುಖ ಆಚೆ ತಿರುಗಿಸಿಕೊಂಡ. ಬೇರೆಯವರ ಗುಟ್ಟಿನ ಅಂಕಿಯನ್ನು ಅವನು ನೋಡುತ್ತಿರಲಿಲ್ಲ.

ಇಲ್ಲೇ ಎಡವಟ್ಟಾದದ್ದು. ವೇಷಗಾರ ತಾನು ಹುಟ್ಟಿದ ವರ್ಷ ಒತ್ತಲಿಲ್ಲ. ವೇಷದಲ್ಲಿದ್ದಾಗ ತನ್ನದು ಎಂಬುದು ಅವನ ನೆನಪಿನಲ್ಲಿ ಇರುತ್ತಲೇ ಇರಲಿಲ್ಲ. ಕೆರೆ ಒಡೆದ ವರ್ಷ ಹುಟ್ಟಿದೆನಪ್ಪಾ ಎಂದು ಗೊಣಗಿ, ಬೆರಳು ಮಡಚಿ ಲೆಕ್ಕ ಹಾಕಿ, ಮುದುಕಿ ಹುಟ್ಟಿದ ವರ್ಷವನ್ನು ಒತ್ತಿದ. ಯಾವ ಕೆರೆ, ಯಾವ ವರ್ಷ? ಎಲ್ಲ ಆ ಗಳಿಗೆಯಲ್ಲಿ ಬಾಯಿಗೆ ಬಂದದ್ದು.

ಹೊತ್ತು ಮುಳುಗಿತು. ಬಿಡಾರಕ್ಕೆ ಬಂದು ಮುಖ ತೊಳೆದ. ಡಬ್ಬಿಯಿಂದ ಫೋನು ತೆಗೆದ. ಗಾಜಿನ ಮೇಲಿನ ತೆಳು ಹಾಳೆಯನ್ನು ಮೆಲ್ಲಗೆ ಎಳೆದು ಬಿಡಿಸಿದ. ಆಹಾ ಎಂಥ ಹೊಳಪು! ಇಪ್ಪತ್ತು ವರ್ಷ ಒಡಕು ಕನ್ನಡಿಯಲ್ಲಿ ಬಣ್ಣ ಹಚ್ಚಿದವನು ಆ ಕಪ್ಪು ಗಾಜಿನಲ್ಲಿ ತನ್ನ ಮುಖ ನೋಡಿಕೊಂಡು ಹಿಗ್ಗಿದ. ಪಂಚೆಯ ಚುಂಗಿನಿಂದ ಒರೆಸಿದ, ಮತ್ತೆ ನೋಡಿದ. ಆಮೇಲೆ ಅಂಗಡಿಯವ ಹೇಳಿದ್ದಂತೆ ಮುಖದ ಮುಂದೆ ಹಿಡಿದ.

ಫೋನು ತೆರೆಯಲಿಲ್ಲ. ಗುರುತು ಸಿಗಲಿಲ್ಲ ಎಂದು ಬರೆದು ತೋರಿಸಿತು.

ವೇಷಗಾರನಿಗೆ ಗಾಬರಿಯಾಗಬೇಕಾಗಿತ್ತು. ಎದೆ ಉಬ್ಬಿತು! ಮನುಷ್ಯರ ಮಾತು ಹಾಗಿರಲಿ, ಮುಖ ಗುರುತಿಸುವುದಕ್ಕೆಂದೇ ಮಾಡಿದ ಯಂತ್ರ ಕೂಡ ತನ್ನನ್ನು ಹಿಡಿಯಲಾರದೆ ಹೋಯಿತು. ಬಿಡಾರದಲ್ಲಿ ಅವನ ಜೊತೆ ಒಬ್ಬ ಮುದುಕ ಇದ್ದ, ಹಾರ್ಮೋನಿಯಂ ಬಾರಿಸುವವನು. ಅವನನ್ನು ಕರೆದು ತೋರಿಸಿದ. ಮತ್ತೊಮ್ಮೆ ಹಿಡಿದು ತೋರಿಸಿದ. ಅಕ್ಕಪಕ್ಕದ ಗುಡಿಸಲಿನವರನ್ನೂ ಕರೆದು ತೋರಿಸಿದ. ಐದನೆಯ ಸಲಕ್ಕೆ ಫೋನು ಮುಖ ನೋಡುವುದನ್ನೇ ಬಿಟ್ಟು, ಅಂಕಿ ಒತ್ತು ಎಂದು ಕೂತಿತು.

ಹಾರ್ಮೋನಿಯಂ ಮುದುಕ ಕೇಳಿದ, "ಅಂಕಿ ಯಾವ್ದು?"

ವೇಷಗಾರ ಬಾಯಿ ತೆರೆದ. ವೇಷದಲ್ಲಿ ಆಡಿದ ಮಾತು ಬಣ್ಣದ ಜೊತೆಗೇ ತೊಳೆದು ಹೋಗಿತ್ತು. ತಾನು ಹುಟ್ಟಿದ ವರ್ಷ ಒತ್ತಿದ, ಮಗಳು ಹುಟ್ಟಿದ ವರ್ಷ ಒತ್ತಿದ, ಬಾಯಿಗೆ ಬಂದ ನಾಲ್ಕು ವರ್ಷ ಒತ್ತಿದ. ಅರ್ಧ ನಿಮಿಷ ತಡೆ ಎಂದಿತು ಫೋನು. ಆಮೇಲೆ ಐದು ನಿಮಿಷ ತಡೆ ಎಂದಿತು.

ಭಾನುವಾರ ಏಳನೆಯ ದಿನ. ಬೆಳಿಗ್ಗೆ ಬರಿ ಮುಖದಲ್ಲಿ ಬೀದಿ ಸುತ್ತಿ ಜೋಳ ಪಡೆದ. ಜನ ಹೊಗಳಿದರು. ಅವನ ಕಿವಿಗೆ ಬೀಳಲಿಲ್ಲ. ಹನ್ನೆರಡಕ್ಕೆ ಫೋನಿನ ಅಂಗಡಿಗೆ ಓಡಿದ. ಅಂಗಡಿಯವ ಫೋನನ್ನು ಕೈಗೆ ತೆಗೆದುಕೊಂಡು ನೋಡಿದ, ಇವನ ಮುಖ ನೋಡಿದ, ಮತ್ತೆ ಫೋನು ನೋಡಿದ.

"ಇದು ನಿನ್ನಿ ಆ ಅಜ್ಜಿಗಿ ಕೊಟ್ಟ ಫೋನು. ನಿನ್ ಕೈಗಿ ಹೆಂಗ ಬಂತು?"

"ಆ ಅಜ್ಜಿ ನಾನ ಅದೀನ್ರಿ. ಹಗಲುವೇಷದಾಂವ."

ಅಂಗಡಿಯವ ನಂಬಲಿಲ್ಲ. ನಿನ್ನ ವೇಷದ ಮುದುಕಿ ಬೀದಿಯಲ್ಲಿ ತಿರುಗಿರಬಹುದು, ಆ ಅಜ್ಜಿ ಮಾತ್ರ ಇದೇ ಕುರ್ಚಿಯಲ್ಲಿ ಅರ್ಧ ತಾಸು ಕೂತು ಚಹಾ ಕುಡಿದಿದ್ದಾಳೆ, ನಾನೇನು ಕುರುಡನೇ ಎಂದ. ವೇಷಗಾರ ಬೇರೆ ದಾರಿ ಕಾಣದೆ ಬೆನ್ನು ಬಗ್ಗಿಸಿ ಮುದುಕಿಯ ದನಿ ತೆಗೆದ. ಗಾಬರಿಯಲ್ಲಿ ಆ ದನಿ ಒಡೆದು ಬಂತು. ಅಂಗಡಿಯವನಿಗೆ ಸಿಟ್ಟು ನೆತ್ತಿಗೇರಿತು. ಫೋನು ಕದ್ದದ್ದಲ್ಲದೆ ಹಿರಿಯಳನ್ನು ಅಣಕಿಸುತ್ತೀಯಾ ಎಂದು ಕೂಗಾಡಿ ಫೋನನ್ನು ಪೆಟ್ಟಿಗೆಯಲ್ಲಿ ಹಾಕಿ ಬೀಗ ಜಡಿದ. ಅಜ್ಜಿ ಬಂದರೆ ಅಜ್ಜಿಯ ಕೈಗೇ ಕೊಡುತ್ತೇನೆ ಎಂದ. ಬೀದಿಯವರು ಕೂಡಿದರು. ಬೆಳಿಗ್ಗೆ ಜೋಳ ಕೊಟ್ಟ ಕೈಗಳೇ ಅವನ ಕಡೆ ಬೆರಳು ತೋರಿಸಿದವು.

ಈಗ ಅವನ ಸ್ಥಿತಿ ನೋಡು. ಇಪ್ಪತ್ತು ವರ್ಷದಲ್ಲಿ ಅವನ ವಿದ್ಯೆಗೆ ಇಷ್ಟು ದೊಡ್ಡ ಬಹುಮಾನ ಬಂದಿರಲಿಲ್ಲ. ಕಳ್ಳ ಎನ್ನಿಸಿಕೊಂಡು ಮೆಟ್ಟಿಲು ಇಳಿಯುವಾಗಲೂ, ಎಂಥ ಮುದುಕಿಯನ್ನು ಮಾಡಿದ್ದೆ ಎಂದು ಒಳಗೊಳಗೇ ಒಂದು ಖುಷಿ ಇಣುಕಿತು. ಮರುಗಳಿಗೆ ಮಗಳ ಮಾತು ನೆನಪಾಯಿತು. ಇನ್ಯಾರ ಫೋನನ್ನಾದರೂ ಕೇಳೋಣವೆಂದರೆ, ಆ ಊರಿನಲ್ಲಿ ಇನ್ನು ಅವನ ಕೈಗೆ ಫೋನು ಕೊಡುವವರು ಯಾರು?

ಬಿಡಾರಕ್ಕೆ ಬಂದು ಬಣ್ಣದ ಪೆಟ್ಟಿಗೆ ತೆರೆದ. ಹಾರ್ಮೋನಿಯಂ ಮುದುಕನಿಗೆ ಗೊತ್ತಾಯಿತು.

"ಬ್ಯಾಡ. ಬರಿ ಮುಖ ತೋರ್ಸಿ ಜ್ವಾಳ ಇಸಗೊಂಡಾದ ಮ್ಯಾಲ ಹಾಕಿದ್ರ ಅದು ವೇಷ ಅಲ್ಲ, ಮೋಸ. ನಿಮ್ಮಪ್ಪ ಹಿಂಗ ಎಂದೂ ಮಾಡಲಿಲ್ಲ."

"ನಮ್ಮಪ್ಪ ನನ್ನ ಸಾಲಿಗಿ ಹಾಕಲಿಲ್ಲ" ಎಂದ ವೇಷಗಾರ. ಬೂದಿ ಕಲಸಿದ.

ಅವಸರ ಮಾಡಿದರೆ ಕೆಡುತ್ತದೆ, ನಿಧಾನ ಮಾಡಿದರೆ ಐದು ಹೊಡೆಯುತ್ತದೆ. ಸುಕ್ಕಿನ ಮೇಲೆ ಸುಕ್ಕು ಬರೆದ. ನಿನ್ನೆಯ ಮುದುಕಿಯೇ ಆಗಬೇಕು, ಅವಳ ತಂಗಿಯಾದರೂ ಆಗದು. ನಾಲ್ಕೂವರೆಗೆ ಬೆನ್ನು ಬಗ್ಗಿಸಿ, ಕೋಲು ಊರಿ ಅಂಗಡಿಯ ಮೆಟ್ಟಿಲು ಹತ್ತಿದ. ಕೈಕಾಲು ನಡುಗುತ್ತಿದ್ದವು. ಮುದುಕಿಯ ಕೈಕಾಲು ನಡುಗಿದರೆ ಯಾರು ತಪ್ಪು ತಿಳಿಯುತ್ತಾರೆ?

"ಬರ್ರಿ ಅಜ್ಜೀ, ಬರ್ರಿ! ನಿಮ್ಮ ಫೋನು ಕದ್ದಾಂವ ಸಿಕ್ಕಿದ್ದ" ಎಂದು ಅಂಗಡಿಯವ ಎದ್ದು ಬಂದು ಕೈ ಹಿಡಿದು ಕೂರಿಸಿದ. ಪೆಟ್ಟಿಗೆಯಿಂದ ಫೋನು ತೆಗೆದು ಎದುರಿಗೆ ಹಿಡಿದ. "ಎಷ್ಟು ಸಲ ಒತ್ಯಾನೋ ಏನೋ, ಮುಖ ಹತ್ತವಲ್ದು. ನಿಮ್ಮ ಅಂಕಿ ಒತ್ರಿ. ಹುಟ್ಟಿದ್ ವರ್ಷ."

ವೇಷಗಾರನಿಗೆ ಅದು ಈಗಲೂ ತಿಳಿಯದು. ಆದರೆ ಕೇಳಿದ್ದು ಅವನನ್ನಲ್ಲ, ಮುದುಕಿಯನ್ನು. ಕೂತದ್ದು ಅದೇ ಕುರ್ಚಿ, ಹಿಡಿದದ್ದು ಅದೇ ಕೋಲು. ಬೊಚ್ಚು ಬಾಯಿ ತಾನಾಗಿ ಗೊಣಗಿತು.

"ಕೆರಿ ಒಡದ ವರ್ಷನಪಾ... ಹತ್ತೊಂಬತ್ತು ನೂರಾ ನಲವತ್ತೊಂಬತ್ತು."

ಬೆರಳು ಒತ್ತಿತು. ಫೋನು ತೆರೆಯಿತು.

ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹನ್ನೊಂದು ನಿಮಿಷ ಉಳಿದಿತ್ತು. ಬಣ್ಣ ತೊಳೆಯುವುದಕ್ಕೆ ಸಮಯವೆಲ್ಲಿ? ಅಲ್ಲೇ ಕೂತು ವಾರ್ಡನ್‌ಗೆ ಕರೆ ಮಾಡಿದ. ವಾರ್ಡನ್ ಮುಖ ಕಂಡಿತು.

"ಯಾರಮ್ಮಾ ನೀವು? ಅಪ್ಪ ಅಮ್ಮ ಆದ್ರಷ್ಟೇ ಮಾತಾಡಬೇಕು."

ಅವನು ಉತ್ತರ ಕೊಡುವಷ್ಟರಲ್ಲಿ ಆ ಹೆಂಗಸಿನ ಹೆಗಲ ಹಿಂದಿನಿಂದ ಎರಡು ಜಡೆಯ ಒಂದು ಮುಖ ಇಣುಕಿತು. ಒಂದು ಕ್ಷಣ ನೋಡಿತು. ಪೂರ್ತಿ ಒಂದು ಕ್ಷಣವೂ ಇಲ್ಲ.

"ಅಪ್ಪಾ!"

ಅಂಗಡಿಯವನ ಕೈಯಲ್ಲಿದ್ದ ಚಹಾದ ಲೋಟ ಅಲ್ಲೇ ನಿಂತಿತು.

ಇಪ್ಪತ್ತು ವರ್ಷ, ನೂರಾರು ಊರು, ಸಾವಿರಾರು ಕಣ್ಣು. ನಿನ್ನೆ ಯಂತ್ರವೂ ಸೋತಿತ್ತು. ಈಗ ತಾನೇ ಮಾತಾಡಿಸಿದ ಅಂಗಡಿಯವನೂ ಸೋತಿದ್ದ. ವೇಷಗಾರ ಮುದುಕಿಯ ದನಿಯಲ್ಲೇ ಕೇಳಿದ, "ಹೆಂಗ ಗುರ್ತು ಹಿಡದಿ?"

"ನಮ್ಮಪ್ಪ ನನಗ ಗೊತ್ತಾಗಂಗಿಲ್ಲೇನು?" ಎಂದಳು ಅಂಬಿಕಾ, ಇದೆಂಥ ಪ್ರಶ್ನೆ ಎನ್ನುವ ಹಾಗೆ. ಫೋನನ್ನು ಗೆಳತಿಯರ ಕಡೆ ತಿರುಗಿಸಿ, "ನೋಡ್ರಲೇ, ನಮ್ಮಪ್ಪ!" ಎಂದಳು.

ನಾಲ್ಕೈದು ಹುಡುಗಿಯರು ಬಗ್ಗಿ ನೋಡಿದರು. ಸುಳ್ಳು, ಇದು ಯಾವುದೋ ಅಜ್ಜಿ ಎಂದರು. ಅಂಬಿಕಾಳ ಮುಖ ಸಣ್ಣದಾಯಿತು.

ವೇಷಗಾರ ಹೊರಗೆ ನೋಡಿದ. ಎದುರಿನ ಗೋಡೆಯ ಮೇಲೆ ಇನ್ನೂ ಬಿಸಿಲಿತ್ತು. ಒಂದು ಕಟ್ಟಳೆಯನ್ನು ಮುರಿದು ಅಲ್ಲಿಗೆ ಬಂದಿದ್ದ. ಇನ್ನೊಂದು ಉಳಿದಿತ್ತು. ಫೋನನ್ನು ಗಾಜಿನ ಪೆಟ್ಟಿಗೆಗೆ ಒರಗಿಸಿ ನಿಲ್ಲಿಸಿದ. ಬಿಳಿ ಕೂದಲನ್ನು ಕಿತ್ತು ತೊಡೆಯ ಮೇಲಿಟ್ಟ. ಸೀರೆಯ ಸೆರಗಿನಿಂದ ಮುಖ ಒರೆಸಿದ. ಅರ್ಧ ಬಣ್ಣ ಹೋಯಿತು, ಅರ್ಧ ಕಣ್ಣೀರಿನಲ್ಲಿ ಕಲಸಿತು. ಬೆನ್ನು ನೆಟ್ಟಗೆ ಮಾಡಿ ಕೂತು, ಗಂಡು ದನಿಯಲ್ಲಿ, "ನಾನ ಅದೀನವಾ ಅಂಬಿಕಾನ ಅಪ್ಪ" ಎಂದ.

ಆ ಕಡೆ ಹುಡುಗಿಯರು ಕಿರುಚಿದ ಕಿರುಚಾಟಕ್ಕೆ ಅಂಗಡಿಯ ಮುಂದೆ ಜನ ಸೇರಿದರು. ಅಂಬಿಕಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಆ ಕೋಣೆಯಲ್ಲಿ ಅವಳಷ್ಟು ಎತ್ತರದವರು ಆಗ ಯಾರೂ ಇರಲಿಲ್ಲ.

"ನಾ ಇಲ್ಲೇ ಇರ್ತೀನಿ ಅಪ್ಪಾ. ಮುಂದಿನ ಐತವಾರ ಪೊಲೀಸ್ ಆಗಿ ಬಾ. ಇವ್ರು ಹೆಂಗ ಗುರ್ತು ಹಿಡೀತಾರ ನೋಡೋಣು" ಎಂದಳು. ಐದು ಹೊಡೆಯಿತು. ವಾರ್ಡನ್ ನಗುತ್ತಲೇ ಫೋನು ಇಟ್ಟಳು.

ವೇಷಗಾರ ಎದ್ದು ಅಂಗಡಿಯವನಿಗೆ ಕೈ ಮುಗಿದು, ಎರಡನೆಯ ಸಲ ಬಂದದ್ದು ತಪ್ಪಾಯಿತು ಎಂದ. ಅಂಗಡಿಯವ ಬಹಳ ಹೊತ್ತು ಅವನ ಮುಖವನ್ನೇ ನೋಡಿದ. ಆಮೇಲೆ ಫೋನನ್ನು ಕೈಗೆ ತೆಗೆದುಕೊಂಡು, ಹಳೆಯ ಮುಖ ಅಳಿಸಿ, ಬಣ್ಣ ಮೆತ್ತಿದ ಆ ಮುಖವನ್ನು ಸೋಪು ಹಚ್ಚಿ ತೊಳೆಸಿ, ಬರಿ ಮುಖವನ್ನು ಕೂಡಿಸಿದ. ಗಾಜು ಒಡೆಯದಂತೆ ಮೇಲೊಂದು ಹಾಳೆಯನ್ನೂ ಅಂಟಿಸಿದ. ಅದಕ್ಕೆ ದುಡ್ಡು ಮುಟ್ಟಲಿಲ್ಲ. "ಅಜ್ಜೀ, ಚಹಾ ಆರೇತಿ, ಕುಡೀರಿ" ಎಂದ.

ಬಿಡಾರಕ್ಕೆ ಹಿಂತಿರುಗುವಾಗ ಹಾರ್ಮೋನಿಯಂ ಮುದುಕ ಎದುರಾದ. ಎರಡು ಕಟ್ಟಳೆ ಮುರಿದವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮುಂದಿನ ಊರಿನಲ್ಲಿ, ಅದರ ಮುಂದಿನ ಊರಿನಲ್ಲಿ, ಏಳನೆಯ ದಿನ ಜನ ಹೊಗಳಿದಾಗಲೆಲ್ಲ ಅವನು ಎದೆ ಸೆಟೆಸಿ ಹೇಳತೊಡಗಿದ: "ನನ್ನ ವೇಷದಾಗ ಗುರ್ತು ಹಿಡದಾಕಿ ಒಬ್ಬಾಕಿ ಅದಾಳ್ರಿ. ಆರನೇತ್ತಾ ಓದ್ತಾಳ."

ಗುರುಗಳು ಕತೆ ನಿಲ್ಲಿಸಿದರು. ಮೂವರು ಪಂಡಿತರನ್ನು ಗೆದ್ದ ಬಾಯಿ ಸುಮ್ಮನಿರಲಿಲ್ಲ.

"ಹಾಗಾದರೆ ಗುರುಗಳೇ, ಸೋತ ಮೇಲೂ ಅವನು ಹೆಮ್ಮೆ ಬಿಡಲಿಲ್ಲವಲ್ಲ? ನಾನು ಮಾತ್ರ ಏಕೆ ಬಿಡಬೇಕು?"

"ನೀನೂ ಬಿಡಬೇಡ" ಎಂದರು ಗುರುಗಳು. ನೆಲದ ಮೇಲಿದ್ದ ಫೋನನ್ನು ಎತ್ತಿ ಅವನ ಕೈಗೆ ಕೊಟ್ಟರು. "ಅವನಿಗೆ ಸೋಲುವುದಕ್ಕೆ ಒಬ್ಬಳಿದ್ದಳು ಅಡಿವೆಪ್ಪ, ನಿನಗೆ ಯಾರಿದ್ದಾರೆ?"

ಅಡಿವೆಪ್ಪ ಫೋನನ್ನು ಮತ್ತೆ ಕೆಳಗಿಟ್ಟ.